ಹೆಪ್ಪನ್ನು ಊರಿಗೆಲ್ಲ ಹಂಚಿದ, ಹೆಸರನ್ನು ಮಗನಿಗೂ ಬಿಡದ ಯಜಮಾನ: ಕಾರ್ಲ್ಸ್‌ಬರ್ಗ್ ಬಿಯರ್ ಕಟ್ಟಿದ ಯಾಕೋಬ್ಸೆನ್ ಕತೆ

ನಮ್ಮ ತಾಲೂಕಿನ ವೈನ್ ಶಾಪುಗಳಲ್ಲಿ ಬಿಯರ್ ಕೇಳೋರಲ್ಲಿ ಮೂರು ಥರದ ಗಿರಾಕಿಗಳಿದ್ದಾರೆ. ಹಳಬರಿಗೆ ಕಿಂಗ್‌ಫಿಷರ್ ಆದ್ರೆ ಸಾಕು. ಹುಡುಗರು ಹಸಿರು ಬಾಟಲಿಯ ವಿದೇಶಿ ಬ್ರ್ಯಾಂಡ್ ಕೇಳ್ತಾರೆ. ಬೆಂಗಳೂರಲ್ಲಿ ಕೆಲಸ ಮಾಡಿ ಹಬ್ಬಕ್ಕೆ ಬಂದೋರು ಅಲ್ಲಿನ ಮೈಕ್ರೋಬ್ರೂವರಿಗಳ ಕ್ರಾಫ್ಟ್ ಬಿಯರ್ ರುಚಿ ವರ್ಣಿಸ್ತಾರೆ. ಯಾವುದು ಮೇಲು ಅನ್ನೋ ವಾದ ಅವರವರಿಗೇ ಇರಲಿ. ಆದರೆ ಇವತ್ತು ಒಂದು ಬಾಟಲಿಯ ರುಚಿ ಮುಂದಿನ ತಿಂಗಳ ಬಾಟಲಿಯಲ್ಲೂ ಹಾಗೇ ಇರುತ್ತಲ್ಲ, ಅದಕ್ಕೆ ಡೆನ್ಮಾರ್ಕ್ ದೇಶದ ಒಬ್ಬ ವ್ಯಾಪಾರಿಯ ಹಠವೂ ಒಂದು ದೊಡ್ಡ ಕಾರಣ. ಅವರ ಹೆಸರು ಯಾಕೋಬ್ ಕ್ರಿಸ್ಟಿಯನ್ ಯಾಕೋಬ್ಸೆನ್. ಕಾರ್ಲ್ಸ್‌ಬರ್ಗ್ ಕಂಪನಿ ಕಟ್ಟಿದವರು.

ಕುಡಿಯೋರಿಗಿಂತ ಹೆಚ್ಚಾಗಿ ಅಂಗಡಿ ನಡೆಸೋರು ಓದಬೇಕಾದ ಕತೆ ಇದು. ಯಾಕಂದ್ರೆ ಇದರಲ್ಲಿ ಅಪ್ಪ-ಮಗನ ವ್ಯಾಪಾರದ ಜಗಳ ಇದೆ, ಬೋರ್ಡಿನ ಜಗಳ ಇದೆ, ಕೊನೆಗೆ ಆಸ್ತಿ ಯಾರಿಗೆ ಅನ್ನೋ ಪ್ರಶ್ನೆಯೂ ಇದೆ.

ಅಪ್ಪನ ಕಸುಬು, ಮಗನ ಕುತೂಹಲ

ಯಾಕೋಬ್ಸೆನ್ ಹುಟ್ಟಿದ್ದು 1811ರ ಸೆಪ್ಟೆಂಬರ್ 2ರಂದು, ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್‌ನಲ್ಲಿ. ಅಪ್ಪ ಕ್ರಿಸ್ಟನ್ ರೈತ ಮನೆತನದವರು. ಹಳ್ಳಿಯಿಂದ ಪಟ್ಟಣಕ್ಕೆ ಬಂದು, ಬಿಯರ್ ಮಾಡೋ ಜಾಗದಲ್ಲಿ ಆಳಾಗಿ ದುಡಿದು, ಆಮೇಲೆ ಸ್ವಂತ ಭಟ್ಟಿ ಹಾಕಿಕೊಂಡಿದ್ದರು. ಬೇರೆಯವರು ಕೈ ಅದ್ದಿ ಬಿಸಿ ನೋಡುತ್ತಿದ್ದ ಕಾಲದಲ್ಲಿ ಈ ಅಪ್ಪ ಥರ್ಮಾಮೀಟರ್ ಬಳಸುತ್ತಿದ್ದರು. ಮಗನಿಗೆ ಬಂದ ದೊಡ್ಡ ಆಸ್ತಿ ಅದೇ: ಅಂದಾಜು ಬೇಡ, ಅಳೆದು ನೋಡು ಅನ್ನೋ ಬುದ್ಧಿ.

ಯಾಕೋಬ್ಸೆನ್ ದೊಡ್ಡ ಪದವಿ ಓದಿದವರಲ್ಲ. ಆದರೆ ವಿದ್ಯುತ್ತಿಗೂ ಆಯಸ್ಕಾಂತಕ್ಕೂ ಸಂಬಂಧ ಇದೆ ಅಂತ ಕಂಡುಹಿಡಿದ ವಿಜ್ಞಾನಿ ಅರ್ಸ್ಟೆಡ್ ಅದೇ ಊರಿನಲ್ಲಿ ಉಪನ್ಯಾಸ ಕೊಡುತ್ತಿದ್ದರು. ಯಾಕೋಬ್ಸೆನ್ ಅಲ್ಲಿಗೆ ಹೋಗಿ ಕೂತು ಕೇಳುತ್ತಿದ್ದರು. 1835ರಲ್ಲಿ ಅಪ್ಪ ತೀರಿಕೊಂಡಾಗ ಅವರಿಗೆ ಇನ್ನೂ 24 ತುಂಬಿರಲಿಲ್ಲ. ಭಟ್ಟಿಯ ಜವಾಬ್ದಾರಿ ಪೂರ್ತಿ ಹೆಗಲಿಗೆ ಬಿತ್ತು.

ಎರಡು ಡಬ್ಬಿ ಹೆಪ್ಪು

ಇಲ್ಲಿ ಬಿಯರ್ ಹೇಗಾಗುತ್ತೆ ಅನ್ನೋದು ಸ್ವಲ್ಪ ಗೊತ್ತಿರಬೇಕು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಲ್ಲಿ ನೆನೆಸಿ ಸಿಹಿ ರಸ ತೆಗೀತಾರೆ. ಕಹಿಗೆ ಹಾಪ್ಸ್ ಅನ್ನೋ ಬಳ್ಳಿಯ ಹೂ ಹಾಕಿ ಕುದಿಸ್ತಾರೆ. ಆರಿದ ಮೇಲೆ ಯೀಸ್ಟ್ ಸೇರಿಸ್ತಾರೆ. ನಮ್ಮ ಮನೆಗಳಲ್ಲಿ ಹಾಲಿಗೆ ಹೆಪ್ಪು ಹಾಕೋ ಹಾಗೆ ಅಂತಿಟ್ಟುಕೊಳ್ಳಿ. ಹೆಪ್ಪು ಚೆನ್ನಾಗಿದ್ದರೆ ಮೊಸರು ಗಟ್ಟಿ, ಹೆಪ್ಪು ಕೆಟ್ಟರೆ ಹಾಲೇ ಹಾಳು. ಬಿಯರ್ ಲೆಕ್ಕವೂ ಅಷ್ಟೇ.

ಆಗ ಡೆನ್ಮಾರ್ಕಿನಲ್ಲಿ ಮಾಡುತ್ತಿದ್ದುದು ಮೇಲೆ ನೊರೆಯಾಗಿ ತೇಲುವ ಯೀಸ್ಟಿನ ಬಿಯರ್. ಬೇಗ ಹುದುಗುತ್ತಿತ್ತು, ಬೇಗ ಹುಳಿಯೂ ಆಗುತ್ತಿತ್ತು. ಜರ್ಮನಿಯ ಬವೇರಿಯಾ ಕಡೆ ಮಾತ್ರ ತಳಕ್ಕೆ ಕೂರುವ ಯೀಸ್ಟ್ ಹಾಕಿ, ತಂಪಲ್ಲಿ ನಿಧಾನಕ್ಕೆ ಹುದುಗಿಸಿ, ನೆಲಮಾಳಿಗೆಯಲ್ಲಿ ತಿಂಗಳುಗಟ್ಟಲೆ ಇಟ್ಟು ಮಾಗಿಸುತ್ತಿದ್ದರು. ಅದೇ ಲಾಗರ್. ಈಗ ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಮಾರಾಟವಾಗೋದೂ ಲಾಗರ್ ಜಾತಿಯೇ, ಕಿಂಗ್‌ಫಿಷರ್ ಆಗಲಿ, ಟ್ಯೂಬೋರ್ಗ್ ಆಗಲಿ.

ಯಾಕೋಬ್ಸೆನ್ ಮೊದಲು ಅಮ್ಮನ ಬಟ್ಟೆ ಕುದಿಸೋ ಹಂಡೆಯಲ್ಲೇ ಲಾಗರ್ ಪ್ರಯೋಗ ಮಾಡಿ ನೋಡಿದರು. ಒಳ್ಳೆ ಯೀಸ್ಟ್ ಇಲ್ಲದೆ ಮುಂದೆ ಹೋಗೋ ಹಾಗಿರಲಿಲ್ಲ. 1845ರಲ್ಲಿ ಮ್ಯೂನಿಕ್ ನಗರಕ್ಕೆ ಹೋದರು. ಅಲ್ಲಿ ಸ್ಪಾಟನ್ ಬ್ರೂವರಿಯ ಯಜಮಾನ ಗೇಬ್ರಿಯಲ್ ಸೆಡ್ಲ್‌ಮಾಯರ್ ಈ ಪರದೇಶಿ ವ್ಯಾಪಾರಿಗೆ ತಮ್ಮ ಯೀಸ್ಟನ್ನು ಕೊಟ್ಟರು.

ಎರಡು ಡಬ್ಬಿಯಲ್ಲಿ ಯೀಸ್ಟ್ ಹಿಡಿದು ಕುದುರೆ ಗಾಡಿಯಲ್ಲಿ ವಾಪಸ್ ಪ್ರಯಾಣ. ಸಾವಿರ ಕಿಲೋಮೀಟರ್ ಹತ್ತಿರದ ದಾರಿ, ಫ್ರಿಜ್ ಇಲ್ಲದ ಕಾಲ. ಬಿಸಿಯಾದರೆ ಯೀಸ್ಟ್ ಸಾಯುತ್ತೆ. ಗಾಡಿ ನಿಂತಲ್ಲೆಲ್ಲ ಇಳಿದು ಡಬ್ಬಿ ಮೇಲೆ ತಣ್ಣೀರು ಸುರಿಯುತ್ತಾ ಊರು ಮುಟ್ಟಿಸಿದರು ಅಂತ ಕಂಪನಿಯವರು ಇವತ್ತಿಗೂ ಹೇಳ್ತಾರೆ. ಆ ಹೆಪ್ಪು ಬದುಕಿತು. ನಗರದ ಕೋಟೆ ದಿಬ್ಬದ ಕೆಳಗಿನ ನೆಲಮಾಳಿಗೆಗಳಲ್ಲಿ ಬಿಯರ್ ಮಾಗಲು ಇಟ್ಟರು. ಜನಕ್ಕೆ ರುಚಿ ಹಿಡಿಸಿತು.

ಗುಡ್ಡಕ್ಕೆ ಮಗನ ಹೆಸರು

ಪಟ್ಟಣದೊಳಗೆ ಜಾಗ ಸಾಲಲಿಲ್ಲ. ಊರಾಚೆ ವಾಲ್ಬಿ ಎಂಬಲ್ಲಿ ಒಂದು ದಿಬ್ಬ ಸಿಕ್ಕಿತು. ನೀರು ಚೆನ್ನಾಗಿತ್ತು. ಕೋಪನ್‌ಹೇಗನ್‌ನಿಂದ ರೋಸ್ಕಿಲ್ಡೆಗೆ ಹೋಗುವ ಹೊಸ ರೈಲು ದಾರಿಯೂ ಅದೇ ಕಡೆ ಹಾದು 1847ರಲ್ಲಿ ಶುರುವಾಯಿತು. ಅದೇ ವರ್ಷ ನವೆಂಬರ್ 10ರಂದು ಹೊಸ ಬ್ರೂವರಿಯಲ್ಲಿ ಮೊದಲ ಬಿಯರ್ ಕುದಿಯಿತು.

ಯಾಕೋಬ್ಸೆನ್‌ಗೆ ಆಗ ಐದು ವರ್ಷದ ಮಗ ಇದ್ದ, ಹೆಸರು ಕಾರ್ಲ್. ಬೆಟ್ಟ-ಗುಡ್ಡಕ್ಕೆ ಅವರ ಭಾಷೆಯಲ್ಲಿ ಬೇರ್ಗ್ ಅಂತಾರೆ. ಎರಡೂ ಸೇರಿಸಿ ಕಾರ್ಲ್ಸ್‌ಬರ್ಗ್ ಅಂತ ಹೆಸರಿಟ್ಟರು. ನಮ್ಮಲ್ಲೂ ಮಗನ ಹೆಸರಲ್ಲಿ ಕಿರಾಣಿ ಅಂಗಡಿ, ಮಗಳ ಹೆಸರಲ್ಲಿ ಬಟ್ಟೆ ಅಂಗಡಿ ತೆರೆಯೋದು ಹೊಸದೇನಲ್ಲ. ಆದರೆ ಈ ಹೆಸರೇ ಮುಂದೆ ಅಪ್ಪ-ಮಗನ ನಡುವೆ ಬೇಲಿಯಾಯಿತು.

ವ್ಯಾಪಾರ ಏರಿತು. 1867ರಲ್ಲಿ ಬ್ರೂವರಿಗೆ ಬೆಂಕಿ ಬಿದ್ದು ಸುಟ್ಟಿತು, ಮತ್ತೆ ಕಟ್ಟಿಸಿದರು. ಮರುವರ್ಷವೇ ಬ್ರಿಟನ್ನಿಗೆ ಬಿಯರ್ ರವಾನೆ ಶುರುವಾಯಿತು. ನಡುವೆ ನಗರಸಭೆ, ಪಾರ್ಲಿಮೆಂಟ್ ಸದಸ್ಯರೂ ಆದರು. 1859ರಲ್ಲಿ ಫ್ರೆಡೆರಿಕ್ಸ್‌ಬೋರ್ಗ್ ಅರಮನೆ ಸುಟ್ಟುಹೋದಾಗ ಅದನ್ನು ಮತ್ತೆ ಎತ್ತಿ ನಿಲ್ಲಿಸಲು ಹಣ ಕೊಟ್ಟವರಲ್ಲಿ ಅವರೇ ಮುಂದು. ಈಗ ಅದು ಆ ದೇಶದ ಇತಿಹಾಸದ ಮ್ಯೂಸಿಯಂ.

ಗುಟ್ಟು ಇಟ್ಟುಕೊಳ್ಳಬಾರದು ಅನ್ನೋ ನಿಯಮ

1875ರಲ್ಲಿ ಯಾಕೋಬ್ಸೆನ್ ಬ್ರೂವರಿಯ ಜೊತೆಗೇ ಒಂದು ಪ್ರಯೋಗಾಲಯ ಶುರು ಮಾಡಿದರು. ಮರುವರ್ಷ 10 ಲಕ್ಷ ಕ್ರೋನರ್ ಇಟ್ಟು ಕಾರ್ಲ್ಸ್‌ಬರ್ಗ್ ಪ್ರತಿಷ್ಠಾನ ಸ್ಥಾಪಿಸಿ, ಅದರ ಆಡಳಿತವನ್ನು ವಿಜ್ಞಾನ ಅಕಾಡೆಮಿಯ ಪ್ರೊಫೆಸರುಗಳ ಕೈಗೆ ಒಪ್ಪಿಸಿದರು. ಇಲ್ಲಿ ಕಂಡುಹಿಡಿದ ಮುಖ್ಯವಾದ ಯಾವುದನ್ನೂ ಗುಟ್ಟಾಗಿ ಇಡಬಾರದು, ಪ್ರಕಟಿಸಬೇಕು ಅನ್ನೋದು ಅವರ ಷರತ್ತು. ತನ್ನ ದುಡ್ಡಲ್ಲಿ ಸಂಶೋಧನೆ ಮಾಡಿಸಿ, ಫಲ ಎದುರಾಳಿಗೂ ಸಿಗಲಿ ಅನ್ನೋ ವ್ಯಾಪಾರಿ ಎಷ್ಟು ಜನ ಇದ್ದಾರು?

ಈ ಷರತ್ತಿನ ಪರೀಕ್ಷೆ 1883ರಲ್ಲಿ ಬಂತು. ಯಾಕೋಬ್ಸೆನ್ ಅವರ ಸ್ವಂತ ಬಿಯರೇ ಕೆಟ್ಟಿತು. ರುಚಿ ಕಹಿ, ವಾಸನೆ ಸರಿಯಿಲ್ಲ. ಪ್ರಯೋಗಾಲಯದ ಎಮಿಲ್ ಕ್ರಿಸ್ಟಿಯನ್ ಹ್ಯಾನ್ಸನ್ ಸೂಕ್ಷ್ಮದರ್ಶಕ ಹಿಡಿದು ಕೂತರು. ಒಳ್ಳೆ ಯೀಸ್ಟಿನ ಜೊತೆ ಕಾಡು ಯೀಸ್ಟ್ ಬೆರೆತಿದೆ ಅಂತ ಪತ್ತೆಯಾಯಿತು. ಹೊಲದಲ್ಲಿ ಬೆಳೆಯ ಜೊತೆ ಕಳೆ ಬಂದ ಹಾಗೆ. ಹ್ಯಾನ್ಸನ್ ಯೀಸ್ಟನ್ನು ತೆಳುಮಾಡಿ ತೆಳುಮಾಡಿ, ಒಂದೇ ಒಂದು ಕಣವನ್ನು ಬೇರೆ ಮಾಡಿ, ಅದೊಂದರಿಂದಲೇ ಇಡೀ ಸಂತಾನ ಬೆಳೆಸಿದರು. ಅಂದ್ರೆ ಕಳೆ ಇಲ್ಲದ ಬಿತ್ತನೆ ಬೀಜ. ಯಾಕೋಬ್ಸೆನ್ ಮೊದಲು ಅನುಮಾನಪಟ್ಟರು, ಪರೀಕ್ಷೆ ಮಾಡಿಸಿದ ಮೇಲೆ ಒಪ್ಪಿದರು. ಅದೇ ವರ್ಷ ನವೆಂಬರ್‌ನಲ್ಲಿ ಆ ಶುದ್ಧ ಯೀಸ್ಟಿನಿಂದ ಬಿಯರ್ ತಯಾರಾಯಿತು.

ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರೆ ಎದುರಾಳಿಗಳ ಬಿಯರ್ ಕೆಡುತ್ತಿತ್ತು, ಕಾರ್ಲ್ಸ್‌ಬರ್ಗ್ ಮಾತ್ರ ನಿಲ್ಲುತ್ತಿತ್ತು. ಯಾಕೋಬ್ಸೆನ್ ಹಾಗೆ ಮಾಡಲಿಲ್ಲ. ವಿಧಾನವನ್ನು ಪ್ರಕಟಿಸಿದರು, ಕೇಳಿದ ಬ್ರೂವರಿಗಳಿಗೆ ಯೀಸ್ಟನ್ನು ಪುಕ್ಕಟೆ ಕೊಟ್ಟರು. ತಾವೂ ಒಂದು ಕಾಲಕ್ಕೆ ಹೆಪ್ಪು ಕೇಳಿಕೊಂಡು ಪರದೇಶಕ್ಕೆ ಹೋಗಿದ್ದವರೇ ತಾನೆ! ಶುದ್ಧ ಯೀಸ್ಟ್ ಬೆಳೆಸಿ ಬಳಸೋ ಪದ್ಧತಿ ಈಗ ಜಗತ್ತಿನ ತುಂಬಾ ಇದೆ. ವಿದೇಶಿ ಬ್ರ್ಯಾಂಡಿಗೂ ದೇಶಿ ಬ್ರ್ಯಾಂಡಿಗೂ ಅದೇ ಬುನಾದಿ, ಕ್ರಾಫ್ಟ್ ಬಿಯರ್ ಮಾಡೋರೂ ಬಹುಪಾಲು ಇಂಥ ಶುದ್ಧ ಯೀಸ್ಟನ್ನೇ ಕೊಂಡು ತರ್ತಾರೆ.

ಆ ಪ್ರಯೋಗಾಲಯದ ಫಲ ಕುಡಿಯದವರಿಗೂ ತಲುಪಿದೆ. ಕಾಳು, ಹಾಲು, ಪಶು ಆಹಾರದಲ್ಲಿ ಪ್ರೋಟೀನ್ ಎಷ್ಟಿದೆ ಅಂತ ಲೆಕ್ಕ ಹಾಕುವ ಜೆಲ್ದಾಲ್ ವಿಧಾನ 1883ರಲ್ಲಿ ಅಲ್ಲೇ ಹುಟ್ಟಿತು. ಮಣ್ಣು ಪರೀಕ್ಷೆ ಚೀಟಿಯಲ್ಲಿ ರೈತರು ನೋಡುವ ರಸಸಾರ, ಅಂದ್ರೆ ಪಿಎಚ್ ಅಂಕಿ, ಅದೂ ಅಲ್ಲಿಯದೇ. ಯಾಕೋಬ್ಸೆನ್ ತೀರಿಕೊಂಡು ವರ್ಷಗಳಾದ ಮೇಲೆ, 1909ರಲ್ಲಿ, ಅಲ್ಲಿನ ಸೋರೆನ್ಸೆನ್ ಎಂಬ ವಿಜ್ಞಾನಿ ಆ ಅಳತೆ ರೂಪಿಸಿದರು.

ಒಂದೇ ರಸ್ತೆಗೆ ಎರಡು ಬೋರ್ಡು

ಊರಿಗೆಲ್ಲ ಇಷ್ಟು ಧಾರಾಳಿಯಾದ ಮನುಷ್ಯ ಮನೆಯೊಳಗೆ ಮಾತ್ರ ಬಿಗಿ. ಮಗ ಕಾರ್ಲ್‌ನನ್ನು ಕಸುಬು ಕಲಿಯಲು ನಾಲ್ಕು ವರ್ಷ ಯುರೋಪಿನ ದೇಶಗಳಿಗೆ ಕಳಿಸಿದರು. 1871ರಲ್ಲಿ ತಮ್ಮ ಬ್ರೂವರಿ ಪಕ್ಕದಲ್ಲೇ ಇನ್ನೊಂದನ್ನು ಬಾಡಿಗೆ ಲೆಕ್ಕದಲ್ಲಿ ಮಗನಿಗೆ ವಹಿಸಿದರು. ಇಂಗ್ಲಿಷ್ ಮಾದರಿಯ ಏಲ್, ಪೋರ್ಟರ್ ಬಿಯರ್ ಮಾಡಲಿ ಅನ್ನೋದು ಯೋಚನೆ. ಆದರೆ ಗಿರಾಕಿಗಳು ಕೇಳಿದ್ದು ಲಾಗರ್. ಮಗನೂ ಲಾಗರ್ ಮಾಡಿದ.

ಜಗಳ ಶುರುವಾಗಿದ್ದು ಮಾಗಿಸೋ ದಿನಗಳ ಬಗ್ಗೆ. ಅಪ್ಪನ ಲೆಕ್ಕದಲ್ಲಿ ಬಿಯರ್ ತಿಂಗಳುಗಟ್ಟಲೆ ನೆಲಮಾಳಿಗೆಯಲ್ಲಿ ಕೂರಬೇಕು. ಮಗನ ಲೆಕ್ಕದಲ್ಲಿ ಗಿರಾಕಿ ಬಾಗಿಲಲ್ಲಿ ನಿಂತಿರುವಾಗ ಅಷ್ಟು ದಿನ ಕಾಯೋದು ನಷ್ಟ. ಅವನು ಬೇಗ ಹೊರಗೆ ಬಿಟ್ಟ, ಹೆಚ್ಚು ಮಾರಿದ, ಕೆಲವೇ ವರ್ಷದಲ್ಲಿ ಅಪ್ಪನ ಉತ್ಪಾದನೆಯನ್ನೇ ದಾಟಿದ. ಅಪ್ಪನಿಗೆ ಮಗ ಗೆದ್ದ ಸಂತೋಷಕ್ಕಿಂತ, ಕಾರ್ಲ್ಸ್‌ಬರ್ಗ್ ಹೆಸರಲ್ಲಿ ಸರಿಯಾಗಿ ಮಾಗದ ಬಿಯರ್ ಹೋಗ್ತಿದೆ ಅನ್ನೋ ಸಂಕಟ ದೊಡ್ಡದಾಯಿತು.

ಬಾಡಿಗೆ ಒಪ್ಪಂದ ಮುರಿಯಿತು. ಕಾರ್ಲ್ಸ್‌ಬರ್ಗ್ ಅನ್ನೋ ಹೆಸರು ಬಳಸಬೇಡ ಅಂತ ಅಪ್ಪ ಪಟ್ಟು ಹಿಡಿದರು. ಯಾರ ಹೆಸರನ್ನೇ ಇಟ್ಟಿದ್ದರೋ ಆ ಮಗನಿಗೇ ಆ ಹೆಸರು ಇಲ್ಲ! ಕೊನೆಗೆ ಅಪ್ಪನದು ಗಾಮ್ಲೆ ಕಾರ್ಲ್ಸ್‌ಬರ್ಗ್, ಅಂದ್ರೆ ಹಳೆ ಕಾರ್ಲ್ಸ್‌ಬರ್ಗ್. ಮಗ ಪಕ್ಕದಲ್ಲೇ ಕಟ್ಟಿದ್ದು ನ್ಯೂ ಕಾರ್ಲ್ಸ್‌ಬರ್ಗ್, ಅಂದ್ರೆ ಹೊಸತು. ನಮ್ಮ ಪೇಟೆಬೀದಿಗಳಲ್ಲಿ ಹಳೇ ಅಂಗಡಿ, ಒರಿಜಿನಲ್ ಅಂಗಡಿ ಅಂತ ಎದುರುಬದುರು ಬೋರ್ಡ್ ನೋಡಿದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ.

ಎರಡರ ನಡುವಿನ ರಸ್ತೆಗೂ ಜಗಳ ಬಂತು. ಅಪ್ಪ ಅಲಯನ್ಸ್ ರಸ್ತೆ ಅಂತ ಬೋರ್ಡ್ ಹಾಕಿಸಿದರು. ಮಗ ಫ್ರೆಂಚ್ ವಿಜ್ಞಾನಿಯ ಹೆಸರಲ್ಲಿ ಪಾಶ್ಚರ್ ರಸ್ತೆ ಅಂತ ಹಾಕಿಸಿದ. ತಮಾಷೆ ಅಂದ್ರೆ, ಪಾಶ್ಚರ್ ಮೇಲೆ ಅಪ್ಪನಿಗೂ ಅಷ್ಟೇ ಗೌರವ ಇತ್ತು, ಅವರ ಪುತ್ಥಳಿಯನ್ನೇ ಮಾಡಿಸಿದ್ದರು. ಆದರೂ ಮಗ ಇಟ್ಟ ಹೆಸರು ಬೇಡ. 1882ರಲ್ಲಿ ಉಯಿಲು ಬದಲಿಸಿ, ಹಳೆ ಬ್ರೂವರಿ ಮಗನಿಗೆ ಹೋಗದೆ ಪ್ರತಿಷ್ಠಾನಕ್ಕೆ ಸೇರಬೇಕು ಅಂತ ಬರೆಸಿದರು. ಲಾಭ ಕಡಿಮೆಯಾದರೂ ಚಿಂತೆಯಿಲ್ಲ, ಬಿಯರ್ ಮಾತ್ರ ಆದಷ್ಟು ಚೊಕ್ಕವಾಗಿರಬೇಕು ಅನ್ನೋ ಆಶಯವನ್ನೂ ಅದರಲ್ಲಿ ಸೇರಿಸಿದರು.

ಕೊನೆಗೂ ಒಂದಾದರು

ವರ್ಷಗಳ ಮುನಿಸು 1886ರಲ್ಲಿ ಕರಗಿತು. ಅಪ್ಪ-ಮಗ ರಾಜಿಯಾದರು. ಸಿಕ್ಕ ಸಮಯ ಮಾತ್ರ ತೀರಾ ಕಮ್ಮಿ. 1887ರ ಏಪ್ರಿಲ್ 30ರಂದು ಪ್ರವಾಸದಲ್ಲಿದ್ದಾಗ ರೋಮ್ ನಗರದಲ್ಲಿ ಯಾಕೋಬ್ಸೆನ್ ತೀರಿಕೊಂಡರು. ಉಯಿಲಿನ ಪ್ರಕಾರ ಹಳೆ ಬ್ರೂವರಿ ಪ್ರತಿಷ್ಠಾನಕ್ಕೇ ಹೋಯಿತು. ಅವರ ಬಂಗಲೆಯನ್ನು ದೇಶದ ದೊಡ್ಡ ವಿದ್ವಾಂಸರೊಬ್ಬರ ವಾಸಕ್ಕೆ ಬಿಟ್ಟುಕೊಟ್ಟಿದ್ದರು. ಮುಂದೆ ನೊಬೆಲ್ ವಿಜ್ಞಾನಿ ನೀಲ್ಸ್ ಬೋರ್ 30 ವರ್ಷ ಅಲ್ಲೇ ಇದ್ದರು.

ಮಗ ಕೂಡ ಅಪ್ಪನ ದಾರಿಯನ್ನೇ ಹಿಡಿದ. ಗಳಿಸಿದ್ದನ್ನು ಶಿಲ್ಪ, ಕಲೆಗೆ ಸುರಿದ. ಕೋಪನ್‌ಹೇಗನ್ ಸಮುದ್ರತೀರದಲ್ಲಿ ಪ್ರವಾಸಿಗರು ಫೋಟೋ ತೆಗೆಸಿಕೊಳ್ಳುವ ಮತ್ಸ್ಯಕನ್ಯೆಯ ಮೂರ್ತಿ ಅವನು ಮಾಡಿಸಿಕೊಟ್ಟದ್ದು, 1913ರಲ್ಲಿ. ಬ್ರೂವರಿಯ ಹೆಬ್ಬಾಗಿಲಿಗೆ ನಾಲ್ಕು ಕಲ್ಲಿನ ಆನೆ ನಿಲ್ಲಿಸಿದ. ಅವುಗಳ ಮೈಮೇಲೆ ನಮಗೆಲ್ಲ ಗೊತ್ತಿರುವ ಸ್ವಸ್ತಿಕ ಇದೆ, ಹಿಟ್ಲರ್ ಕಾಲಕ್ಕೂ ಮೊದಲೇ ಅದು ಅವನ ಕಂಪನಿಯ ಗುರುತಾಗಿತ್ತು. 1902ರಲ್ಲಿ ತನ್ನ ಬ್ರೂವರಿಯನ್ನೂ ಪ್ರತಿಷ್ಠಾನಕ್ಕೆ ಒಪ್ಪಿಸಿದ. 1906ರಲ್ಲಿ ಹಳೆಯದು, ಹೊಸದು ಎರಡೂ ಒಂದೇ ಆಡಳಿತಕ್ಕೆ ಬಂದವು. ಅಪ್ಪ ಬದುಕಿದ್ದಾಗ ಆಗದ ಕೆಲಸ 19 ವರ್ಷ ಬಿಟ್ಟು ಆಯಿತು.

ಇವತ್ತಿಗೂ ಆ ಕಂಪನಿಯ ಹಿಡಿತ ಪ್ರತಿಷ್ಠಾನದ ಕೈಯಲ್ಲೇ ಇದೆ, ಲಾಭದ ಪಾಲು ವಿಜ್ಞಾನಕ್ಕೆ ಹೋಗುತ್ತೆ. ಅಂಗಡಿ ಮಕ್ಕಳ ಕೈಗೆ ದಾಟಿಸುವ ಹೊತ್ತಿನಲ್ಲಿರೋ ನಮ್ಮ ಪೇಟೆಯ ಯಜಮಾನರು ಯೋಚಿಸಬೇಕಾದ ವಿಷಯ ಇದರಲ್ಲಿದೆ. ಮಾಲಿನ ಗುಣಮಟ್ಟಕ್ಕೆ ಹಠ ಹಿಡಿದದ್ದು ಯಾಕೋಬ್ಸೆನ್ ಅವರನ್ನು ದೊಡ್ಡವರನ್ನಾಗಿ ಮಾಡಿತು. ಗೊತ್ತಿದ್ದನ್ನು ಹಂಚಿದ್ದರಿಂದ ಅವರ ವ್ಯಾಪಾರಕ್ಕೆ ನಷ್ಟ ಆಗಲಿಲ್ಲ. ಬೋರ್ಡಿಗಾಗಿ ಹಿಡಿದ ಹಠ ಮಾತ್ರ ಒಬ್ಬನೇ ಮಗನ ಜೊತೆಗಿನ ಏಳೆಂಟು ವರ್ಷಗಳನ್ನು ತಿಂದುಹಾಕಿತು. ಅಂದಹಾಗೆ, ಆ ರಸ್ತೆಗೆ ಈಗ ಉಳಿದಿರೋದು ಮಗ ಇಟ್ಟ ಹೆಸರೇ.

(ಮದ್ಯಪಾನ ಆರೋಗ್ಯಕ್ಕೆ ಹಾನಿಕರ. ಕುಡಿದು ವಾಹನ ಓಡಿಸಬೇಡಿ.)