ಲೀಲಾವತಿಯ ಕಣ್ಣೀರಿನ ಕಥೆ ನಿಜವೇ? ಭಾಸ್ಕರಾಚಾರ್ಯರ ಬದುಕು ಮತ್ತು ಅವರ ಅಂಗಡಿ ಲೆಕ್ಕ

ಮಗಳ ಮದುವೆಯ ಮುಹೂರ್ತ ತಿಳಿಯಲು ಭಾಸ್ಕರಾಚಾರ್ಯರು ನೀರಿನ ಮೇಲೆ ತೂತಿನ ಬಟ್ಟಲು ತೇಲಿಬಿಟ್ಟಿದ್ದರಂತೆ. ಮಗಳು ಲೀಲಾವತಿ ಬಗ್ಗಿ ನೋಡುವಾಗ ಒಡವೆಯ ಮುತ್ತು ಬಿದ್ದು ತೂತು ಮುಚ್ಚಿಕೊಂಡಿತಂತೆ, ಮುಹೂರ್ತ ಮೀರಿತಂತೆ. ಅವಳನ್ನು ಸಮಾಧಾನಪಡಿಸಲು ತಂದೆ ಅವಳ ಹೆಸರಲ್ಲೇ ಗಣಿತದ ಪುಸ್ತಕ ಬರೆದರಂತೆ. ಈ ಫಾರ್ವರ್ಡ್ ನಿಮಗೂ ಬಂದಿರಬಹುದು.

ಭಾಸ್ಕರಾಚಾರ್ಯರ ಯಾವ ಕೃತಿಯಲ್ಲೂ ಈ ಕಥೆ ಇಲ್ಲ. ಅಕ್ಬರನ ಆಸ್ಥಾನ ಕವಿ ಫೈಜಿ 1587ರಲ್ಲಿ ಲೀಲಾವತಿಯನ್ನು ಪರ್ಷಿಯನ್ ಭಾಷೆಗೆ ತಂದಾಗ ಅದರ ಮುನ್ನುಡಿಯಲ್ಲಿ ಇದನ್ನು ಹೇಳಿದ್ದಾನೆ. ಮೂಲ ಪುಸ್ತಕ ಬಂದದ್ದು 1150ರಲ್ಲಿ, ಅಂದರೆ 437 ವರ್ಷ ಮೊದಲು. ಕೆಲವು ಲೆಕ್ಕಗಳು ಲೀಲಾವತಿ ಎಂಬ ಹುಡುಗಿಯನ್ನು ಕರೆದು ಕೇಳಿದಂತೆ ಇರುವುದು ನಿಜ. ಆದರೆ ಅವಳು ತನ್ನ ಮಗಳೆಂದು ಲೇಖಕರು ಎಲ್ಲೂ ಹೇಳಿಲ್ಲ.

ತಮ್ಮ ಬಗ್ಗೆ ಅವರು ಹೇಳಿಕೊಂಡದ್ದು ಸ್ವಲ್ಪವೇ. ಹುಟ್ಟಿದ್ದು ಶಕ 1036, ಅಂದರೆ ಕ್ರಿ.ಶ. 1114. ಊರು ಸಹ್ಯಾದ್ರಿ ಸೀಮೆಯ ವಿಜ್ಜಡವಿಡ. ಕಲಿಸಿದವರು ತಂದೆ ಮಹೇಶ್ವರ. 36ನೇ ವಯಸ್ಸಿಗೆ 'ಸಿದ್ಧಾಂತ ಶಿರೋಮಣಿ' ಬರೆದರು. ಲೀಲಾವತಿ ಅದರ ಮೊದಲ ಭಾಗ. (ವಿಜ್ಜಡವಿಡವೇ ನಮ್ಮ ವಿಜಯಪುರ ಎನ್ನುವವರಿದ್ದಾರೆ. ಆದರೆ ವಿಜಯಪುರ ಸಹ್ಯಾದ್ರಿಯಿಂದ ದೂರ, ವಿದ್ವಾಂಸರಲ್ಲಿ ಒಮ್ಮತವಿಲ್ಲ.)

ಆ ಪುಸ್ತಕದ ತುಂಬಾ ಇರುವುದು ಕಣ್ಣೀರಲ್ಲ, ವ್ಯಾಪಾರ. ಶುರುವಿನಲ್ಲೇ ನಾಣ್ಯ, ತೂಕ, ಅಳತೆಗಳ ಪಟ್ಟಿ: 16 ಪಣಕ್ಕೆ ಒಂದು ದ್ರಮ್ಮ, 16 ದ್ರಮ್ಮಕ್ಕೆ ಒಂದು ನಿಷ್ಕ. ಆಮೇಲೆ ಬರುವ ತ್ರೈರಾಶಿಕವನ್ನು ಭಾಸ್ಕರರು ಇಡೀ ಅಂಕಗಣಿತಕ್ಕೇ ಬೇರು ಎಂಬಂತೆ ನೋಡುತ್ತಾರೆ. ಗೊತ್ತಿರುವ ಮೂರು ಸಂಖ್ಯೆಗಳಿಂದ ನಾಲ್ಕನೆಯದನ್ನು ಹುಡುಕುವುದೇ ತ್ರೈರಾಶಿಕ. ಅವರ ಒಂದು ಲೆಕ್ಕ ನೋಡಿ: ಎರಡೂವರೆ ಪಲ ಕೇಸರಿಗೆ ಏಳರಲ್ಲಿ ಮೂರು ಪಾಲು (3/7) ನಿಷ್ಕ ಬೆಲೆಯಾದರೆ 9 ನಿಷ್ಕಕ್ಕೆ ಎಷ್ಟು ಬರುತ್ತದೆ? 9 ನಿಷ್ಕವೆಂದರೆ 3/7ರ 21 ಪಟ್ಟು. ಹಾಗಾಗಿ ಕೇಸರಿಯೂ 21 ಪಟ್ಟು, ಐವತ್ತೆರಡೂವರೆ ಪಲ.

ಇದು ಅವರು ಕಂಡುಹಿಡಿದದ್ದೇನಲ್ಲ. ಆರ್ಯಭಟರು 499ರಲ್ಲೇ ಈ ನಿಯಮ ಕೊಟ್ಟಿದ್ದರು. ನೃಪತುಂಗನ ಕಾಲದ ಮಹಾವೀರಾಚಾರ್ಯರು ಇದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದರು.

ಇವತ್ತು ನಿಮ್ಮ ಕಿರಾಣಿ ಅಂಗಡಿಯಲ್ಲೂ ಬೇಕಾಗುವುದು ಇದೇ. ಒಂದೇ ಸೋಪಿನ ಪುಡಿ: 800 ಗ್ರಾಂ ಪ್ಯಾಕೆಟ್ 184 ರೂಪಾಯಿ, ಒಂದು ಕಿಲೋ ಪ್ಯಾಕೆಟ್ 235 ರೂಪಾಯಿ ಎಂದುಕೊಳ್ಳಿ. ದೊಡ್ಡದು ಅಗ್ಗ ಅನ್ನಿಸುತ್ತದೆ. 100 ಗ್ರಾಂಗೆ ಎಷ್ಟು ಅಂತ ಭಾಗಿಸಿ. ಚಿಕ್ಕದು 23 ರೂಪಾಯಿ, ದೊಡ್ಡದು 23 ರೂಪಾಯಿ 50 ಪೈಸೆ.

ಇಷ್ಟೇ ಆಗಿದ್ದರೆ ಬರೀ ಗುಣಾಕಾರ, ಭಾಗಾಕಾರ. ನನ್ನ ಪ್ರಕಾರ ಮೇಷ್ಟ್ರಾಗಿ ಭಾಸ್ಕರರ ಜಾಣತನ ಕಾಣುವುದು ಮುಂದಿನ ಹೆಜ್ಜೆಯಲ್ಲಿ. ಒಂದು ಹೆಚ್ಚಾದರೆ ಇನ್ನೊಂದು ಕಡಿಮೆಯಾಗುವ ಕಡೆ ಲೆಕ್ಕವನ್ನು ತಿರುಗಿಸಬೇಕು ಎನ್ನುತ್ತಾರೆ. ಅದು ವ್ಯಸ್ತ ತ್ರೈರಾಶಿಕ. ಧಾನ್ಯದ ರಾಶಿಯನ್ನು 7 ಆಢಕ ಹಿಡಿಯುವ ಕೊಳಗದಲ್ಲಿ ಅಳೆದರೆ 100 ಕೊಳಗ. 5 ಆಢಕದ ಕೊಳಗದಲ್ಲಿ ಅಳೆದರೆ? ಕಣ್ಣುಮುಚ್ಚಿ ಮಾಮೂಲಿ ಸೂತ್ರ ಹಾಕಿದರೆ 71 ಚಿಲ್ಲರೆ ಬರುತ್ತದೆ. ಆದರೆ ಪಾತ್ರೆ ಚಿಕ್ಕದಾದರೆ ಹೆಚ್ಚು ಸಲ ಅಳೆಯಬೇಕಲ್ಲವೇ? ಸರಿಯಾದ ಉತ್ತರ 140.

ಇದೇ ನಿಯಮಕ್ಕೆ ಅವರು ಕೊಟ್ಟ ಇನ್ನೊಂದು ಉದಾಹರಣೆ ಓದಲು ಕಷ್ಟ. 16 ವರ್ಷದ ಹೆಣ್ಣಿಗೆ 32 ನಿಷ್ಕ ಬೆಲೆಯಾದರೆ 20 ವರ್ಷದವಳಿಗೆ ಎಷ್ಟು ಎಂದು ಕೇಳುತ್ತಾರೆ. ಮನುಷ್ಯರನ್ನು ಮಾರುತ್ತಿದ್ದ ಕಾಲ ಅದು. ಹೆಮ್ಮೆಯ ಫಾರ್ವರ್ಡ್‌ಗಳಲ್ಲಿ ಈ ಲೆಕ್ಕ ಬರುವುದಿಲ್ಲ.

1183ರಲ್ಲಿ, 69ರ ಹತ್ತಿರದಲ್ಲಿ, ಖಗೋಳ ಲೆಕ್ಕಗಳಿಗಾಗಿ 'ಕರಣಕುತೂಹಲ' ಬರೆದರು. 1207ರಲ್ಲಿ ಮೊಮ್ಮಗ ಚಾಂಗದೇವ ಅಜ್ಜನ ಕೃತಿಗಳನ್ನು ಕಲಿಸಲೆಂದೇ ಒಂದು ಮಠ ಕಟ್ಟಿಸಿದ. ಅದರ ಶಾಸನ ಮಹಾರಾಷ್ಟ್ರದ ಚಾಳೀಸ್‌ಗಾಂವ್ ಬಳಿಯ ಪಾಟಣದಲ್ಲಿ ಸಿಕ್ಕಿದೆ.