ಮೈಕಲ್ ಫ್ಯಾರಡೆ: ನಮ್ಮ ಆಲ್ಟರ್ನೇಟರ್‌ನ ಹಿಂದಿನ ಮನುಷ್ಯ

ಪುರ್ತಗೇರಿಯ ಟ್ರ್ಯಾಕ್ಟರ್ ಇರಲಿ, ಬೆಂಗಳೂರಿನ ಕಾರ್ ಇರಲಿ, ಬ್ಯಾಟರಿ ಪದೇಪದೇ ಡೌನ್ ಆದ್ರೆ ಆಲ್ಟರ್ನೇಟರ್ ಮೇಲೆ ಅನುಮಾನ ಬರುತ್ತೆ. ಎಷ್ಟೋ ಗ್ಯಾರೇಜ್‌ಗಳಲ್ಲಿ ಇವತ್ತಿಗೂ ಅದಕ್ಕೆ ಡೈನಮೋ ಅಂತಾನೇ ಹೆಸರು. ಅದರೊಳಗಿನ ತತ್ವವನ್ನು ಕಂಡುಹಿಡಿದ ಮೈಕಲ್ ಫ್ಯಾರಡೆ ನಮಗೆ ಗೊತ್ತಿರೋದು ಪರೀಕ್ಷೆಯ ಒಂದು ಸೂತ್ರವಾಗಿ ಮಾತ್ರ. ಆದರೆ ಅವರು ಸೂತ್ರದಿಂದ ಶುರು ಮಾಡಿದವರೇ ಅಲ್ಲ.

ಫ್ಯಾರಡೆ ಹುಟ್ಟಿದ್ದು 1791ರಲ್ಲಿ, ಲಂಡನ್ ಹತ್ತಿರ. ಅಪ್ಪ ಕಮ್ಮಾರ. ಮನೆಯಲ್ಲಿ ಬಡತನ, ಶಾಲೆ ಹೆಸರಿಗಷ್ಟೇ. ಹದಿನಾಲ್ಕನೇ ವಯಸ್ಸಿಗೆ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿ ಸೇರಿದರು. ರಟ್ಟು ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ವಿದ್ಯುತ್ತಿನ ಹುಚ್ಚು ಹತ್ತಿಸಿಕೊಂಡರು. 1812ರಲ್ಲಿ ಹಂಫ್ರಿ ಡೇವಿಯ ಉಪನ್ಯಾಸ ಕೇಳಿ, ಟಿಪ್ಪಣಿಗಳನ್ನೆಲ್ಲ ಪುಸ್ತಕ ಮಾಡಿ ಅವರಿಗೇ ಕಳಿಸಿದರು. ಮರುವರ್ಷ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಡೇವಿಯ ಸಹಾಯಕನ ಕೆಲಸ ಸಿಕ್ಕಿತು.

ಕರೆಂಟ್‌ನಿಂದ ಅಯಸ್ಕಾಂತ ಆಗೋದಾದ್ರೆ, ಅಯಸ್ಕಾಂತದಿಂದ ಕರೆಂಟ್ ಯಾಕೆ ಬರಬಾರದು? ಈ ಪ್ರಶ್ನೆ ವರ್ಷಗಟ್ಟಲೆ ಅವರನ್ನು ಕಾಡಿತು. ಮಾಡಿದ ಪ್ರಯೋಗಗಳಲ್ಲಿ ಸೂಜಿ ಅಲ್ಲಾಡಲಿಲ್ಲ. 1831ರ ಆಗಸ್ಟ್ 29ರಂದು ಕಬ್ಬಿಣದ ಬಳೆಯ ಎರಡು ಬದಿಗೆ ತಂತಿ ಸುತ್ತಿ, ಒಂದು ಬದಿಗೆ ಬ್ಯಾಟರಿ ಕೊಟ್ಟರು. ಕೊಟ್ಟಾಗ ಒಮ್ಮೆ, ತೆಗೆದಾಗ ಇನ್ನೊಮ್ಮೆ ಸೂಜಿ ಅಲ್ಲಾಡಿತು, ನಡುವೆ ಸುಮ್ಮನಿತ್ತು. ಅಕ್ಟೋಬರ್‌ನಲ್ಲಿ ಸುರುಳಿಯೊಳಗೆ ಅಯಸ್ಕಾಂತವನ್ನು ಆಡಿಸಿದಾಗಲೂ ಹಾಗೇ ಆಯ್ತು. ಅಂದ್ರೆ ಅಯಸ್ಕಾಂತ ಇದ್ದರೆ ಸಾಲದು, ಅದರ ಪ್ರಭಾವ ಬದಲಾಗ್ತಾ ಇರಬೇಕು.

ಆಲ್ಟರ್ನೇಟರ್‌ನಲ್ಲಿ ನಡೆಯೋದೂ ಇದೇ. ಬೆಲ್ಟ್ ರೋಟರನ್ನು ತಿರುಗಿಸುತ್ತೆ, ಸುತ್ತಲಿನ ಸ್ಟೇಟರ್ ಸುರುಳಿಗಳಲ್ಲಿ ಎಸಿ ಹುಟ್ಟುತ್ತೆ, ಡಯೋಡ್‌ಗಳು ಅದನ್ನು ಡಿಸಿ ಮಾಡುತ್ತವೆ. ದಪ್ಪ ವೈರ್ ಬ್ಯಾಟರಿಯ ಪ್ಲಸ್‌ಗೆ ಹೋಗುತ್ತೆ. ಹಳೇ ಮಾದರಿಗಳಲ್ಲಿ ಸಣ್ಣ ವೈರ್ ಡ್ಯಾಶ್‌ಬೋರ್ಡಿನ ಬ್ಯಾಟರಿ ದೀಪದ ಮೂಲಕ ಬಂದು ರೋಟರ್‌ಗೆ ಮೊದಲ ಕರೆಂಟ್ ಕೊಡುತ್ತೆ. ಆ ಪುಟ್ಟ ಬಲ್ಬ್ ಸುಟ್ಟರೆ ರೋಟರ್ ಸರಿಯಾದ ಅಯಸ್ಕಾಂತ ಆಗೋದಿಲ್ಲ. ತಿರುಗಿದರೂ ಚಾರ್ಜಿಂಗ್ ಶುರುವಾಗದೇ ಹೋಗಬಹುದು. ಕೀ ಹಾಕಿದಾಗ ದೀಪ ಹತ್ತದಿದ್ರೆ ಮೊದಲು ಅದನ್ನೇ ನೋಡಬೇಕು.

ಫ್ಯಾರಡೆಗೆ ಗಣಿತ ಅಷ್ಟಾಗಿ ಬರ್ತಿರಲಿಲ್ಲ. ಅವರ ಕಲ್ಪನೆಗಳಿಗೆ ಗಣಿತದ ರೂಪ ಕೊಟ್ಟವರು ಮುಂದೆ ಬಂದ ಮ್ಯಾಕ್ಸ್‌ವೆಲ್. ಫ್ಯಾರಡೆಯ ಬಲ ಇದ್ದದ್ದು ದಿನಚರಿಯಲ್ಲಿ. 1832ರಿಂದ ಒಂದೊಂದು ಟಿಪ್ಪಣಿಗೂ ನಂಬರ್ ಹಾಕುತ್ತಾ ಹೋಗಿ ಹದಿನಾರು ಸಾವಿರ ದಾಟಿಸಿದರು. ಫಲ ಕೊಡದ ಪ್ರಯೋಗವನ್ನೂ ಬಿಡದೆ ಬರೆದಿಟ್ಟರು.

ಗಾಡಿಯ ದೋಷ ಹುಡುಕೋಕೂ ಈ ಶಿಸ್ತೇ ಬೇಕು. ಬೆಲ್ಟ್ ಸಡಿಲವಾ? ಟರ್ಮಿನಲ್, ಅರ್ತ್ ವೈರ್ ಬಿಗಿಯಾಗಿವೆಯಾ? ಆಮೇಲೆ ಮಲ್ಟಿಮೀಟರ್. ಇಂಜಿನ್ ಆಫ್ ಇದ್ದಾಗ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್, ಓಡುವಾಗ ಸಾಮಾನ್ಯವಾಗಿ 13.8ರಿಂದ 14.4 ಇರಬೇಕು. ಏರದಿದ್ರೆ ಚಾರ್ಜಿಂಗ್ ಇಲ್ಲ. 15 ದಾಟಿದ್ರೆ ರೆಗ್ಯುಲೇಟರ್ ಮೇಲೆ ಅನುಮಾನ. ಪರೀಕ್ಷೆಗೆ ಅಂತ ಓಡುವ ಇಂಜಿನ್‌ನಲ್ಲಿ ಬ್ಯಾಟರಿ ವೈರ್ ಕೀಳೋದು ಬೇಡ, ಡಯೋಡ್‌ಗಳು ಸುಡಬಹುದು.

ನೈಟ್ ಪದವಿಯನ್ನು ಬೇಡವೆಂದ ಫ್ಯಾರಡೆ 1867ರಲ್ಲಿ ತೀರಿಕೊಂಡರು. ಮೂವತ್ತೈದು ವರ್ಷದ ನಂತರ, 1902ರಲ್ಲಿ, ಶಿವನಸಮುದ್ರದಲ್ಲಿ ಕಾವೇರಿ ನೀರು ತಿರುಗಿಸಿದ ಯಂತ್ರಗಳಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯಿತು. ಅಲ್ಲಿ ನೀರು, ನಮ್ಮ ಗಾಡಿಯಲ್ಲಿ ಬೆಲ್ಟ್, ತತ್ವ ಒಂದೇ. ಪಾರ್ಟ್ ಬದಲಿಸುವ ಮೊದಲು ಒಂದೊಂದೇ ಪರೀಕ್ಷಿಸಿ, ಬರೆದಿಟ್ಟುಕೊಂಡರೆ ಅವರ ವಿದ್ಯೆಯಲ್ಲಿ ಸ್ವಲ್ಪ ನಮ್ಮ ಕೈಗೂ ಬರುತ್ತೆ.