ಕ್ಯೂ ನಿಂತವರ ಲೆಕ್ಕ ಹಾಕಿದ ಮೇಷ್ಟ್ರು

ನೆಟ್‌ವರ್ಕ್ಸ್ ಓದುವಾಗ ಎರ್ಲಾಂಗ್ ಅನ್ನೋ ಯೂನಿಟ್ ಬರುತ್ತೆ. ಅದೊಬ್ಬ ಮನುಷ್ಯರ ಹೆಸರು ಅಂತ ಗೊತ್ತಿರೋರು ಕಡಿಮೆ.

ಅಗ್ನರ್ ಕ್ರಾರುಪ್ ಎರ್ಲಾಂಗ್ ಹುಟ್ಟಿದ್ದು 1878ರ ಜನವರಿ 1ರಂದು, ಡೆನ್ಮಾರ್ಕಿನ ಲೋನ್‌ಬೋರ್ಗ್ ಎಂಬ ಹಳ್ಳಿಯಲ್ಲಿ. ಅಪ್ಪ ಅಲ್ಲಿನ ಸ್ಕೂಲ್ ಮೇಷ್ಟ್ರು. ಅಣ್ಣ ಪುಸ್ತಕ ಹಿಡಿದು ಕೂತರೆ ಈ ಹುಡುಗ ಎದುರಿಗೆ ಕೂತು ಅದನ್ನೇ ತಲೆಕೆಳಗಾಗಿ ಓದುತ್ತಿದ್ದನಂತೆ. 1901ರಲ್ಲಿ ಕೋಪನ್‌ಹೇಗನ್‌ನಲ್ಲಿ ಗಣಿತದ ಎಂ.ಎ. ಮುಗಿಸಿ, ಕೆಲವು ವರ್ಷ ತಾವೂ ಮೇಷ್ಟ್ರಾದರು.

ಗಣಿತಜ್ಞರ ಸಂಘದಲ್ಲಿ ಯೋಹಾನ್ ಜೆನ್ಸೆನ್ ಪರಿಚಯವಾಯ್ತು. ಹೌದು, ಜೆನ್ಸೆನ್ ಇನ್‌ಈಕ್ವಾಲಿಟಿಯವರೇ! ಅವರು ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯ ಎಂಜಿನಿಯರ್. ಅವರ ಮೂಲಕ 1908ರಲ್ಲಿ ಎರ್ಲಾಂಗ್ ಆ ಕಂಪನಿ ಸೇರಿದರು.

ಅಲ್ಲಿನ ಪ್ರಶ್ನೆ ಕೇಳೋಕೆ ಸುಲಭ: ಎಷ್ಟು ಲೈನ್ ಸಾಕು? ಗಂಟೆಗೆ ಸರಾಸರಿ 20 ಕರೆ, ಒಂದೊಂದು 3 ನಿಮಿಷ. ಒಟ್ಟು 60 ನಿಮಿಷ, ಹಾಗಾಗಿ ಒಂದೇ ಲೈನ್ ಸಾಕು ಅನ್ಸುತ್ತೆ ಅಲ್ವಾ? ಆದರೆ ಕರೆಗಳು ಟೈಮ್‌ಟೇಬಲ್ ನೋಡಿ ಬರಲ್ಲ. 1917ರ ಅವರ ಸೂತ್ರದ ಪ್ರಕಾರ ಒಂದು ಲೈನ್ ಇದ್ದರೆ 50% ಕರೆಗಳು ವಾಪಸ್. ಎರಡಿದ್ದರೆ 20%, ಮೂರಿದ್ದರೆ 6.25%. ಲೈನ್ ಸಿಗುವವರೆಗೆ ಕಾಯುವವರಿಗೂ ಅದೇ ಪ್ರಬಂಧದಲ್ಲಿ ಇನ್ನೊಂದು ಸೂತ್ರ ಕೊಟ್ಟರು.

ಬರೀ ಟೇಬಲ್ ಮುಂದೆ ಕೂತ ಗಣಿತಜ್ಞರಲ್ಲ ಇವರು. ಕೇಬಲ್‌ಗಳ ಅಳತೆ ತೆಗೆಯೋಕೆ ಏಣಿ ಹೊತ್ತ ಕೆಲಸಗಾರನ ಜೊತೆ ಊರೆಲ್ಲ ಸುತ್ತಿ ಮ್ಯಾನ್‌ಹೋಲ್‌ಗೆ ಇಳಿಯುತ್ತಿದ್ದರು.

ಈಗ ರಸ್ತೆಗೆ ಬನ್ನಿ. ಕನೆಕ್ಟೆಡ್ ಕಾರೊಂದು ಕ್ಯಾಮೆರಾದ ಚಿತ್ರವನ್ನು ತಾನೇ ಲೆಕ್ಕ ಹಾಕಿದರೆ 400 ಮಿಲಿಸೆಕೆಂಡ್ ಬೇಕು ಅಂದ್ಕೊಳ್ಳಿ. ರಸ್ತೆಬದಿಯ ಎಡ್ಜ್ ಸರ್ವರ್ ಸೆಕೆಂಡಿಗೆ ಸರಾಸರಿ 10 ಟಾಸ್ಕ್ ಮುಗಿಸುತ್ತೆ. ಸುತ್ತಲಿನ ಕಾರುಗಳಿಂದ ಸೆಕೆಂಡಿಗೆ 5 ಟಾಸ್ಕ್ ಬರ್ತಿದ್ದರೆ, ಸರಳ ಕ್ಯೂ ಮಾದರಿಯಲ್ಲಿ, ಕಾಯುವುದೂ ಸೇರಿ ಸರಾಸರಿ 200 ಮಿಲಿಸೆಕೆಂಡ್. ವೈರ್‌ಲೆಸ್‌ಗೆ ಇನ್ನೊಂದು 50 ಸೇರಿಸಿದರೂ ಆಫ್‌ಲೋಡ್ ಮಾಡೋದೇ ಲಾಭ. ಅದೇ 9 ಬಂದರೆ? ಪೂರ್ತಿ ಒಂದು ಸೆಕೆಂಡ್! ಗಂಟೆಗೆ 72 ಕಿ.ಮೀ. ವೇಗದ ಕಾರು ಅಷ್ಟರಲ್ಲಿ 20 ಮೀಟರ್ ಮುಂದೆ ಹೋಗಿರುತ್ತೆ. ಎದುರಿಗೆ ಯಾರೋ ರಸ್ತೆ ದಾಟ್ತಿದ್ದರೆ ಆ 20 ಮೀಟರೇ ಎಲ್ಲ. ಸರ್ವರ್ ಎಷ್ಟು ಫಾಸ್ಟ್ ಅನ್ನೋದರ ಜೊತೆ ಅದರ ಮುಂದೆ ಕ್ಯೂ ಎಷ್ಟಿದೆ ಅಂತಲೂ ಕಾರು ನೋಡಲೇಬೇಕು. ಆ ಕ್ಯೂ ಲೆಕ್ಕದ ಬೇರು ಎರ್ಲಾಂಗರ ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿದೆ.

ಮದುವೆಯಾಗಲಿಲ್ಲ. ಕಷ್ಟ ಅಂತ ಆಫೀಸಿಗೇ ಬಂದವರಿಗೆ ಸದ್ದಿಲ್ಲದೆ ದುಡ್ಡು ಕೊಡುತ್ತಿದ್ದರು. ಸುಮಾರು ಇಪ್ಪತ್ತು ವರ್ಷ ಒಂದು ದಿನವೂ ಕೆಲಸ ತಪ್ಪಿಸದ ಮನುಷ್ಯ ಹೊಟ್ಟೆಯ ಆಪರೇಷನ್‌ಗೆಂದು ಆಸ್ಪತ್ರೆ ಸೇರಿ, 1929ರ ಫೆಬ್ರವರಿ 3ರಂದು ತೀರಿಕೊಂಡರು. ವಯಸ್ಸು 51. ಟ್ರಾಫಿಕ್ಕಿನ ಯೂನಿಟ್‌ಗೆ ಅವರ ಹೆಸರಿಟ್ಟಿದ್ದು 1946ರಲ್ಲಿ.